ವಿಕ್ಷೇಪ

ನ್ಯಾಯಸೂತ್ರದ ಐದನೆಯ ಅಧ್ಯಾಯವು ವಾದದಲ್ಲಿ ಸೋಲನ್ನು ಸೂಚಿಸುವ 22 ನಿಗ್ರಹಸ್ಥಾನಗಳನ್ನು ಎಣಿಸುತ್ತದೆ. ಬೇರೊಂದು ನೆಪವೊಡ್ಡಿ ಚರ್ಚೆಯನ್ನು ಕಡಿದುಕೊಳ್ಳುವುದು ಅವುಗಳಲ್ಲೊಂದು, ಹೆಸರು ವಿಕ್ಷೇಪ. ಅಮೆರಿಕದ ಚುನಾವಣಾ ರಾಜಕಾರಣದ ಪ್ರಸಂಗವೊಂದನ್ನು ಈ ಪಟ್ಟಿಯ ಬೆಳಕಿನಲ್ಲಿ ಓದಬಹುದು.

2010ರ ಮೇ 18ರಂದು ಕೆಂಟಕಿ ರಾಜ್ಯದ ನೇತ್ರವೈದ್ಯ ರ‍್ಯಾಂಡ್ ಪಾಲ್ ಸೆನೆಟ್ ಚುನಾವಣೆಗೆ ರಿಪಬ್ಲಿಕನ್ ಅಭ್ಯರ್ಥಿಯಾಗಿ ಆಯ್ಕೆಯಾದರು. ಮರುರಾತ್ರಿ ದೂರದರ್ಶನ ಸಂದರ್ಶನದಲ್ಲಿ ರೇಚಲ್ ಮ್ಯಾಡೊ ನೇರವಾಗಿ ಕೇಳಿದರು: ಕಪ್ಪುವರ್ಣೀಯರಿಗೆ ಸೇವೆ ನಿರಾಕರಿಸುವ ಹಕ್ಕು ಖಾಸಗಿ ವ್ಯಾಪಾರಿಗೆ ಉಂಟೆ? ತಾವು ವರ್ಣಭೇದದ ವಿರೋಧಿಯೆಂದ ಪಾಲ್ ಮಾತನ್ನು ವಾಕ್‌ಸ್ವಾತಂತ್ರ್ಯದತ್ತ, ಹೋಟೆಲಿಗೆ ಬಂದೂಕು ತರುವವರತ್ತ ಹೊರಳಿಸಿದರು. ಹೋಟೆಲು ಮಾಲೀಕನದೋ ಸರ್ಕಾರದ್ದೋ ಎಂದು ಮರುಪ್ರಶ್ನೆ ಹಾಕಿದರು. ಇದು ಅರ್ಥಾಂತರ, ಅದೂ ನಿಗ್ರಹಸ್ಥಾನವೇ.

ಪ್ರಶ್ನೆ ಬರಿಯ ತಾತ್ತ್ವಿಕವಾದುದಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ನಗರದ ವುಲ್ವರ್ತ್ ಮಳಿಗೆಯಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿಗಳು ನಾಲ್ವರು ಕಾಫಿ ಕೇಳಿದರು. ಅದೇ ಮಳಿಗೆ ಸ್ವಲ್ಪ ಮುಂಚೆ ಅವರಿಗೆ ಸಾಮಾನು ಮಾರಿ ಹಣ ಪಡೆದಿತ್ತು. ಕಾಫಿ ಮಾತ್ರ ಕೊಡಲಿಲ್ಲ. ಅವರು ಎದ್ದು ಹೋಗಲೂ ಇಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಎರಡನೆಯ ಭಾಗ ನಿಷೇಧಿಸಿದ್ದು ಇಂಥ ನಿರಾಕರಣೆಯನ್ನೇ.

ಸಂದರ್ಶನದ ಮರುದಿನ ಪಾಲ್ ಕಾಯಿದೆಯ ಪರವಾಗಿಯೇ ಮತ ಹಾಕುತ್ತಿದ್ದುದಾಗಿ ಹೇಳಿದರು. ಹಾಗಾದರೆ ಮಾಲೀಕನ ಹಕ್ಕಿನ ವಾದ ಒಂದೇ ಹಗಲಿನಲ್ಲಿ ಏನಾಯಿತು? ಇದನ್ನು ಕೇಳಲು ಅವಕಾಶವಿದ್ದ ಭಾನುವಾರದ ‘ಮೀಟ್ ದಿ ಪ್ರೆಸ್’ ಸಂದರ್ಶನ ದಣಿವಿನ ಕಾರಣದಿಂದ ರದ್ದಾಯಿತು. ಗೌತಮನ ವಾದಸಭೆಯಲ್ಲಾದರೆ ಅಲ್ಲಿಗೇ ಸೋಲು. ಪಾಲ್ ನವೆಂಬರಿನಲ್ಲಿ ಗೆದ್ದು ಸೆನೆಟ್ ಪ್ರವೇಶಿಸಿದರು.