ಐದು ಡಾಲರಿನ ಸೋಡಿ

ಸೋಡಿ ಎಂದರೆ ಕಿವಿ ನಿಮಿರದ ಗೃಹಸ್ಥನು ಯಾವ ದೇಶದಲ್ಲಿಯೂ ದುರ್ಲಭ. ಚಿಕ್ಕಪೇಟೆಯ ಬಟ್ಟೆಯಂಗಡಿಯಾಗಲಿ ಅಮೆರಿಕದ ದೂರವಾಣಿ ಕಂಪನಿಯಾಗಲಿ, ಬೆಲೆಯನ್ನು ಮೊದಲು ಏರಿಸಿಕೊಂಡು ಅನಂತರ ಇಳಿಸಿ ತೋರಿಸುವ ಕಲೆಯಲ್ಲಿ ಒಂದೇ ಗುರುಕುಲದ ಶಿಷ್ಯರು. ಒಂದು ವ್ಯತ್ಯಾಸವುಂಟು. ಬಟ್ಟೆಯಂಗಡಿಯವನು ಗಿರಾಕಿಯ ಜೇಬಿನಿಂದ ಹಣ ಬಂದರೆ ಸಾಕೆನ್ನುತ್ತಾನೆ. ಯಾವ ಜೇಬಿನಿಂದ ಎಂದು ವಿಚಾರಿಸುವುದಿಲ್ಲ.

ಅಮೆರಿಕದಲ್ಲಿ ಮೊಬೈಲು ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ. ಅದನ್ನು ಕಂಪನಿಯೇ ನಿಯತ ದಿನದಂದು ತಾನಾಗಿ ವಸೂಲು ಮಾಡಿಕೊಳ್ಳಲು ಒಪ್ಪಿಗೆ ಕೊಟ್ಟರೆ, ಆ ಏರ್ಪಾಡಿಗೆ ಆಟೋಪೇ ಎಂದು ಹೆಸರು. ಒಪ್ಪಿದವರಿಗೆ ಒಂದೊಂದು ಫೋನಿಗೂ ತಿಂಗಳಿಗೆ 5 ಡಾಲರು ಸೋಡಿ ಕೊಡುವುದು ಟಿ-ಮೊಬೈಲ್ ಕಂಪನಿಯ ಪದ್ಧತಿ. ಕ್ರೆಡಿಟ್ ಕಾರ್ಡಿನಿಂದ ಕೊಡುತ್ತಿದ್ದವರಿಗೂ ಅದು ಸಲ್ಲುತ್ತಿತ್ತು. 2023ರಲ್ಲಿ ಕಂಪನಿ ನಿಯಮವನ್ನು ಬದಲಿಸಿತು: ಸೋಡಿ ಬೇಕಾದವರು ಬ್ಯಾಂಕಿನ ಖಾತೆಯನ್ನಾಗಲಿ ಡೆಬಿಟ್ ಕಾರ್ಡನ್ನಾಗಲಿ ಒಪ್ಪಿಸತಕ್ಕದ್ದು. ವೆರೈಜನ್ ಕಂಪನಿಯ ಸೋಡಿಯೂ ಬಹುಮಟ್ಟಿಗೆ ಇದೇ ಜಾತಿಯದು; ಸಾಮಾನ್ಯ ಕ್ರೆಡಿಟ್ ಕಾರ್ಡಿಗೆ ಅಲ್ಲಿಯೂ ಪ್ರವೇಶವಿಲ್ಲ.

ನ್ಯೂಜೆರ್ಸಿಯಲ್ಲಿ ನೆಲೆಸಿದ ಒಂದು ಕನ್ನಡ ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮೈಸೂರಿನಿಂದ ಹೋಗಿ ಮಗನ ಮನೆಯಲ್ಲೇ ನಿಂತ ಅಜ್ಜಿ: ನಾಲ್ಕು ಜನ, ನಾಲ್ಕು ಫೋನು. ಬಿಲ್ಲು 200 ಡಾಲರು. ಸೋಡಿ ಹೋದರೆ 220. ವರ್ಷಕ್ಕೆ 240 ಡಾಲರಿನ ಮಾತು.

“ಸಾಲದಲ್ಲಿ ಕೊಟ್ಟರೆ ಹೆಚ್ಚು, ಕೈಗಂಟಿನಲ್ಲಿ ಕೊಟ್ಟರೆ ಕಡಿಮೆ. ನಮ್ಮೂರಿನ ಶೆಟ್ಟರೂ ಹಾಗೇ ಮಾಡುತ್ತಿದ್ದರು. ಇದರಲ್ಲಿ ಅನ್ಯಾಯವೇನು ಬಂತಪ್ಪ?” ಎಂದು ಅಜ್ಜಿ ಕೇಳಿಯಾಳು.

ಅಜ್ಜಿಯ ತರ್ಕ ತೆಗೆದುಹಾಕತಕ್ಕದ್ದಲ್ಲ. ಗಿರಾಕಿ ಕ್ರೆಡಿಟ್ ಕಾರ್ಡು ಬಳಸಿದಾಗಲೆಲ್ಲ ವ್ಯಾಪಾರಿ ಬ್ಯಾಂಕುಗಳಿಗೂ ಕಾರ್ಡು ಸಂಸ್ಥೆಗೂ ಕೂಡಿ ಸಾಮಾನ್ಯವಾಗಿ ಶೇಕಡ 2ರ ಆಸುಪಾಸಿನ ದಲ್ಲಾಳಿ ತೆರಬೇಕು. 200 ಡಾಲರಿಗೆ ಅದು 4 ಡಾಲರು. ಡೆಬಿಟ್ ಕಾರ್ಡಿನ ಸಂಗತಿ ಬೇರೆ. 2010ರ ಶಾಸನವೊಂದನ್ನು ಅನುಸರಿಸಿ ಅಮೆರಿಕದ ಕೇಂದ್ರ ಬ್ಯಾಂಕು 2011ರಲ್ಲಿ ದೊಡ್ಡ ಬ್ಯಾಂಕುಗಳ ಡೆಬಿಟ್ ದಲ್ಲಾಳಿಗೆ ಮಿತಿ ಹಾಕಿತು: ಒಂದು ಪಾವತಿಗೆ 21 ಸೆಂಟು, ಅದರ ಮೇಲೆ ಮೊತ್ತದ ಶೇಕಡ 0.05; ಮೋಸ ತಡೆಯುವ ವೆಚ್ಚಕ್ಕೆಂದು ಇನ್ನೊಂದು ಸೆಂಟು. 200 ಡಾಲರಿಗೆ ಲೆಕ್ಕ ಹಾಕಿದರೆ 32 ಸೆಂಟು.

ಆದರೆ ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. ಕಾರ್ಡಿನಿಂದ ಕಂಪನಿಗೆ ಆಗುವ ನಷ್ಟ 4 ಡಾಲರಿಗಿಂತ ಕಡಿಮೆ; ಈ ಸಂಸಾರದಿಂದ ಹಿಂತೆಗೆದುಕೊಂಡ ಸೋಡಿ 20 ಡಾಲರು. ಶೆಟ್ಟರು ಇಂತಹ ಅಂತರವಿಟ್ಟಿದ್ದರೆ ಅಜ್ಜಿಯೇ ಬೇರೆ ಅಂಗಡಿ ನೋಡಿಕೊಳ್ಳುತ್ತಿದ್ದಳು! ಮಿಕ್ಕ 16 ಡಾಲರಿನಿಂದ ಕಂಪನಿ ಕೊಳ್ಳುತ್ತಿರುವುದು ಬೇರೊಂದು ಪದಾರ್ಥವನ್ನು. ಕ್ರೆಡಿಟ್ ಕಾರ್ಡಿಗೆ ಅವಧಿ ಮುಗಿಯುತ್ತದೆ, ಕಳೆದುಹೋದರೆ ಸಂಖ್ಯೆ ಬದಲಾಗುತ್ತದೆ, ಗಿರಾಕಿ ತಕರಾರು ತೆಗೆದರೆ ಬ್ಯಾಂಕು ನಡುವೆ ಬಂದು ನಿಲ್ಲುತ್ತದೆ. ಉಳಿತಾಯದ ಖಾತೆಗೆ ಇಂತಹ ಚಾಂಚಲ್ಯವಿಲ್ಲ. ಒಮ್ಮೆ ಅದರ ಸಂಖ್ಯೆ ಕೈಗೆ ಬಂದಿತೆಂದರೆ ವಸೂಲಿ ನಿಶ್ಚಿಂತೆ.

ಈ ಮಧ್ಯಸ್ಥನನ್ನು ಕಳೆದುಕೊಳ್ಳುವುದೇ ಸಂಸಾರಕ್ಕೆ ದೊಡ್ಡ ನಷ್ಟ. ಅಮೆರಿಕದ 1974ರ ಕಾಯಿದೆಯ ಪ್ರಕಾರ ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿ ತಪ್ಪು ಬಂದರೆ ಗಿರಾಕಿ 60 ದಿನಗಳೊಳಗೆ ಬರೆದು ತಿಳಿಸಿ, ವಿಚಾರಣೆ ಮುಗಿಯುವವರೆಗೆ ಆ ಮೊತ್ತವನ್ನು ಕೊಡದೆ ಇರಬಹುದು. ಖಾತೆಯಿಂದ ನೇರವಾಗಿ ಹೋದ ಹಣಕ್ಕೆ 1978ರ ಬೇರೊಂದು ಕಾಯಿದೆಯ ರಕ್ಷಣೆ ಇದೆ ನಿಜ. ಆದರೆ ಅಲ್ಲಿ ಹಣ ಮೊದಲು ಹೋಗಿರುತ್ತದೆ, ನ್ಯಾಯ ಅನಂತರ ಬರುತ್ತದೆ. 200 ಡಾಲರಿನ ಬಿಲ್ಲು ಯಾವುದೋ ತಪ್ಪಿನಿಂದ 900 ಆದರೆ, ಮೊದಲನೆಯ ಸಂದರ್ಭದಲ್ಲಿ ಜಗಳವಾಡುವುದು ಬ್ಯಾಂಕಿನ ಹಣಕ್ಕಾಗಿ. ಎರಡನೆಯದರಲ್ಲಿ ಮನೆಬಾಡಿಗೆಗೆಂದು ಇಟ್ಟ ಹಣಕ್ಕಾಗಿ. ಮನೆಯ ಯಜಮಾನ ಇದನ್ನು ನಾಳೆ ನೋಡೋಣವೆಂದಾನು. ತಿಂಗಳ ಖರ್ಚು ತೂಗಿಸುವ ಯಜಮಾನಿಗೆ ಅಂದಿನ ರಾತ್ರಿ ನಿದ್ರೆ ಬರಲಿಕ್ಕಿಲ್ಲ.

ಬೀಗದ ಕೈಯನ್ನು ಯಾರಿಗೆ ಒಪ್ಪಿಸುವುದು ಎಂಬುದೂ ಅಲಕ್ಷಿಸುವ ಪ್ರಶ್ನೆಯಲ್ಲ. ಇದೇ ಟಿ-ಮೊಬೈಲ್ ಕಂಪನಿಯಿಂದ 2021ರಲ್ಲಿ ಸುಮಾರು 7 ಕೋಟಿ 60 ಲಕ್ಷ ಜನರ ವಿವರಗಳು ಕಳವಾದುವು. ಮರುವರ್ಷ ಅದರ ವ್ಯಾಜ್ಯವನ್ನು ತೀರಿಸಿಕೊಳ್ಳಲು ಕಂಪನಿ 35 ಕೋಟಿ ಡಾಲರು ಕೊಡಲು ಒಪ್ಪಿತು. ಅದಾದ ಮುಂದಿನ ವರ್ಷವೇ ಖಾತೆಯ ಸಂಖ್ಯೆ ಕೊಡಿರೆಂದು ಕೇಳುವುದಕ್ಕೆ ಅಸಾಧಾರಣ ಧೈರ್ಯ ಬೇಕು.

ಇತ್ತ ಬೆಂಗಳೂರು ಮೈಸೂರುಗಳಲ್ಲಿ ಬಹು ಜನ ಮುಂಗಡ ಹಣ ತುಂಬಿಸಿ ಮಾತನಾಡುವವರಾದ್ದರಿಂದ ಈ ಪೇಚು ಅವರ ಬಾಗಿಲಿಗೆ ಅಷ್ಟಾಗಿ ಬಂದಿಲ್ಲ. ಕಾರ್ಡಿನಿಂದ ತಾನಾಗಿ ಕಡಿತವಾಗುವ ಹಣಕ್ಕೆ ಕನಿಷ್ಠ 24 ಗಂಟೆ ಮುಂಚೆ ಗಿರಾಕಿಗೆ ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದಿತು. ಆಗ ಅದನ್ನು ಕಿರುಕುಳವೆಂದು ಗೊಣಗಿದವರು ಹಲವರು.

ಅಮೆರಿಕದ ಗೃಹಸ್ಥರು ಸುಮ್ಮನೆ ಕುಳಿತಿಲ್ಲ. ಕಂಪನಿಗೆ ಖಾತೆಯ ಸಂಖ್ಯೆಯನ್ನು ಕೊಟ್ಟು, ವಸೂಲಿಯ ದಿನಕ್ಕೆ ಮೂರು ನಾಲ್ಕು ದಿನ ಮುಂಚೆಯೇ ಬಿಲ್ಲನ್ನು ಕ್ರೆಡಿಟ್ ಕಾರ್ಡಿನಿಂದ ತೀರಿಸಿಬಿಡುವವರುಂಟು. ವಸೂಲಿಗೆ ಏನೂ ಉಳಿದಿರುವುದಿಲ್ಲ, ಸೋಡಿ ಮಾತ್ರ ಉಳಿಯುತ್ತದೆ. ಬಿಲ್ಲನ್ನು ತಮ್ಮ ಕಾರ್ಡಿನಿಂದಲೇ ಕೊಟ್ಟವರಿಗೆ ಒಡೆದ ಫೋನಿನ ದುರಸ್ತಿ ವೆಚ್ಚ ಕೊಡುವ ಕಾರ್ಡುಗಳೂ ಇರುವುದರಿಂದ, ಮಗಳು ಫೋನನ್ನು ಕೈಜಾರಿಸುವ ಸ್ವಭಾವದವಳಾದರೆ ಈ ಉಪಾಯಕ್ಕೆ ಇನ್ನಷ್ಟು ಬೆಲೆ. ಆದರೆ ತಿಂಗಳು ತಿಂಗಳೂ ದಿನ ನೆನಪಿಟ್ಟುಕೊಳ್ಳಬೇಕು. ನೆನಪಿಡುವ ಶ್ರಮ ತಪ್ಪಲೆಂದೇ ಅಲ್ಲವೇ ಆಟೋಪೇ ಹುಟ್ಟಿದ್ದು! ಅಲ್ಲದೆ ಖಾತೆಯ ಸಂಖ್ಯೆಯಂತೂ ಕಂಪನಿಯ ಬಳಿಯಲ್ಲಿಯೇ ಇರುತ್ತದೆ.

ಹೆಚ್ಚು ಜಾಗರೂಕರಾದವರು ಬೇರೊಂದು ಬ್ಯಾಂಕಿನಲ್ಲಿ ಚಿಕ್ಕ ಖಾತೆಯೊಂದನ್ನು ತೆರೆಯುತ್ತಾರೆ. ಅಲ್ಲಿ ಸಂಬಳ ಬೀಳುವುದಿಲ್ಲ, ಬಾಡಿಗೆಯ ಹಣ ಇರುವುದಿಲ್ಲ. ಇಲ್ಲದ ಹಣವನ್ನು ಸಾಲವಾಗಿ ಕೊಟ್ಟು ದಂಡ ಹಾಕುವ ಏರ್ಪಾಡು ಬೇಡವೆಂದು ಬ್ಯಾಂಕಿಗೆ ಮೊದಲೇ ಹೇಳಿರುತ್ತಾರೆ. ಬಿಲ್ಲು ಬಂದೊಡನೆ ಯಜಮಾನಿ ಅದನ್ನು ಸಾಲುಸಾಲಾಗಿ ಓದಿ, ಸರಿಯಿದ್ದರೆ 200 ಡಾಲರು ಅಲ್ಲಿಗೆ ಹಾಕುತ್ತಾಳೆ. ಐದು ಹತ್ತು ಡಾಲರು ಹೆಚ್ಚು, ಅಷ್ಟೇ.