ಅಪ್ಪಯ್ಯನ ಅಡ್ವಾನ್ಸು, ನನ್ನ ಬಾಡಿಗೆ ಸೈಕಲ್ಲು

ಬ್ರಿಸ್ಟಲ್
9 ನವೆಂಬರ್ 2025, ಭಾನುವಾರ

ಅಪ್ಪಯ್ಯ,

ಇತ್ತ ನಾನು ಕ್ಷೇಮ. ವಾರಕ್ಕೆರಡು ಸಲ ಫೋನು ಮಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಕಳೆದ ಭಾನುವಾರ ಸೈಕಲ್ಲಿನ ವಿಷಯ ಹೇಳಹೊರಟಾಗಲೇ ಲೈನು ಕಡಿದುಹೋಯಿತು. ‘ಸಂಬಳ ಕಮ್ಮಿ ಮಾಡಿಸ್ಕೊಂಡೆ’ ಅಂದದ್ದಷ್ಟೇ ನಿನ್ನ ಕಿವಿಗೆ ಬಿದ್ದಿದೆ. ಆ ರಾತ್ರಿ ನೀನು ಎರಡು ಸಲ ಎದ್ದು ಕೂತೆಯಂತೆ, ‘ಅವಳ ಕೆಲಸಕ್ಕೆ ಏನೋ ಆಗಿದೆ, ಹೇಳ್ತಾ ಇಲ್ಲ’ ಅಂದೆಯಂತೆ. ಅಮ್ಮ ಮಾರನೇ ದಿನ ಮೆಸೇಜು ಹಾಕಿದ್ದಳು. ಕೆಲಸಕ್ಕೆ ಏನೂ ಆಗಿಲ್ಲ ಅಪ್ಪಯ್ಯ. ಒಂದು ಸೈಕಲ್ ತಗೊಂಡೆ, ಅಷ್ಟೇ. ಮೂವತ್ತನಾಲ್ಕು ವರ್ಷ ಊರವರ ಕಾಗದ ಹಂಚಿದವನು ನೀನು. ಲೆಕ್ಕ ಕಾಗದದ ಮೇಲಿದ್ದರೆ ಪೆನ್ನು ಹಿಡಿದು ಕೂಡಿಸಿ ನೋಡಿಯೇ ನಿನಗೆ ಸಮಾಧಾನ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೈಕಲ್ ತಗೊಂಡ ಏರ್ಪಾಡಿಗೆ ಇಲ್ಲಿ ‘ಸೈಕಲ್ ಟು ವರ್ಕ್’ ಅನ್ನುತ್ತಾರೆ. 1999ರ ಹಣಕಾಸು ಕಾಯ್ದೆಯಲ್ಲಿ ಬಂದದ್ದು. ಜನ ಕಾರು ಬಿಟ್ಟು ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಲಿ ಎಂದು ಸರ್ಕಾರ ಕೊಟ್ಟ ತೆರಿಗೆ ವಿನಾಯಿತಿ. ಸೈಕಲ್ಲನ್ನು ಕೊಳ್ಳುವವರು ಕೆಲಸ ಕೊಟ್ಟವರು. ನಾನು ಅವರಿಂದ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ಬಾಡಿಗೆಯನ್ನು ಸಂಬಳದಲ್ಲಿ ಹಿಡಿಯುತ್ತಾರೆ, ಆದರೆ ತೆರಿಗೆ ಹಿಡಿಯುವುದಕ್ಕೂ ಮೊದಲೇ. ಕಾಗದಪತ್ರದಲ್ಲಿ ಇದಕ್ಕೆ ‘ಸ್ಯಾಲರಿ ಸ್ಯಾಕ್ರಿಫೈಸ್’ ಎಂದು ಹೆಸರು. ನಾನು ‘ಸಂಬಳ ಕಮ್ಮಿ’ ಎಂದು ನಿನ್ನನ್ನು ಹೆದರಿಸಿದ್ದು ಇದಕ್ಕೇ.

ಈಗ ಪೆನ್ನು ತಗೋ. ಸೈಕಲ್ಲು, ಹೆಲ್ಮೆಟ್ಟು, ಎರಡು ದೀಪ, ಗಟ್ಟಿ ಬೀಗ ಎಲ್ಲ ಸೇರಿ 960 ಪೌಂಡು. ಹನ್ನೆರಡು ಕಂತು, ತಿಂಗಳಿಗೆ 80. ಈ 80 ನನ್ನ ಕೈಗೆ ಬರುವುದಿದ್ದರೆ ಶೇಕಡ 20 ಆದಾಯ ತೆರಿಗೆಗೆ, ಶೇಕಡ 8 ನ್ಯಾಷನಲ್ ಇನ್ಶೂರೆನ್ಸಿಗೆ ಹೋಗುತ್ತಿತ್ತು. ಹಾಗಾಗಿ ನನ್ನ ಜೇಬಿನಿಂದ ನಿಜವಾಗಿ ಹೋಗುವುದು 57 ಪೌಂಡು 60 ಪೆನ್ಸು. ವರ್ಷಕ್ಕೆ 691 ಪೌಂಡು 20 ಪೆನ್ಸು. ಬಡ್ಡಿ ಇಲ್ಲ.

ವರ್ಷ ಮುಗಿದರೂ ಸೈಕಲ್ಲು ನನ್ನದಾಗುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆಗಲೇ ನನ್ನ ಹೆಸರಿಗೆ ಮಾಡಿಸಿಕೊಳ್ಳುವುದಾದರೆ ತೆರಿಗೆ ಇಲಾಖೆಯ ಪಟ್ಟಿಯ ಪ್ರಕಾರ ಮೂಲ ಬೆಲೆಯ ಕಾಲು ಭಾಗ, ಅಂದರೆ 240 ಪೌಂಡು ಕೊಡಬೇಕು. ಹಾಗೆ ಮಾಡಿದರೆ ಉಳಿಸಿದ್ದರಲ್ಲಿ ಬಹುಪಾಲು ಅಲ್ಲಿಗೇ ಹೋಯಿತು. ಅದರ ಬದಲು ಶೇಕಡ 7ರಷ್ಟು ಠೇವಣಿ ಇಟ್ಟು ಇನ್ನೂ ಮೂರು ವರ್ಷ ಬಾಡಿಗೆ ಮುಂದುವರಿಸಬಹುದು. ಆ ಮೂರು ವರ್ಷಕ್ಕೆ ತಿಂಗಳ ಬಾಡಿಗೆ ಇಲ್ಲ. ನಾಲ್ಕು ವರ್ಷದ ಸೈಕಲ್ಲಿಗೆ ಪಟ್ಟಿಯಲ್ಲಿರುವ ಬೆಲೆಯೂ ಶೇಕಡ 7ರಷ್ಟೇ ಆದ್ದರಿಂದ ಠೇವಣಿ ಬೆಲೆಗೆ ವಜಾ ಆಗಿ ಸೈಕಲ್ಲು ನನ್ನದಾಗುತ್ತದೆ. 67 ಪೌಂಡು 20 ಪೆನ್ಸು ಸೇರಿಸು: ಒಟ್ಟು 758 ಪೌಂಡು 40 ಪೆನ್ಸು. ಕೂಡಿಸಿ ನೋಡು, ತಪ್ಪಿದ್ದರೆ ಹೇಳು. ಮಧ್ಯೆ ಕೆಲಸ ಬಿಟ್ಟರೆ ಉಳಿದ ಕಂತನ್ನೆಲ್ಲ ಕೊನೆಯ ಸಂಬಳದಲ್ಲಿ ಹಿಡಿಯುತ್ತಾರೆ, ಆಗ ತೆರಿಗೆಯ ರಿಯಾಯಿತಿ ಇಲ್ಲ. ಈ ವರ್ಷ ಪಿಂಚಣಿಗೆ ಸೇರುವುದೂ ಚೂರು ಕಡಿಮೆ. ಇವೆರಡನ್ನೂ ಯೋಚಿಸಿಯೇ ಸಹಿ ಹಾಕಿದೆ.

ಸಹಿ ಹಾಕುವಾಗ ನಿನ್ನ ಅಟ್ಲಾಸ್ ಸೈಕಲ್ಲು ನೆನಪಾಯಿತು. 1988ರಲ್ಲಿ ನೀನು ಅಂಚೆ ಇಲಾಖೆಯಿಂದ ಸೈಕಲ್ ಅಡ್ವಾನ್ಸ್ ತೆಗೆದುಕೊಂಡೆಯಲ್ಲ, ತಿಂಗಳಿಗೆ 20 ರೂಪಾಯಿ ಹಿಡಿಯುತ್ತಿದ್ದರು. ಅಸಲು ಮುಗಿದ ಮೇಲೆ ಬಡ್ಡಿಗೆಂದು ಮತ್ತೆ ಎರಡು ತಿಂಗಳು ಹಿಡಿದಾಗ ಅಮ್ಮ ‘ಮುಗೀತು ಅಂದಿದ್ರಲ್ಲ’ ಎಂದು ಕೇಳಿದ್ದು ನೆನಪಿದೆ. ಆ ಇಪ್ಪತ್ತು ರೂಪಾಯಿ ನಮ್ಮ ಮನೆಯಲ್ಲಿ ಒಂದು ಸಾಮಾನಿನ ಹಾಗೆ ಇತ್ತು. ದಿನಸಿ ಚೀಟಿ ಬರೆಯುವಾಗ ಅಮ್ಮ ಮೇಲಿನ ಮೂಲೆಯಲ್ಲಿ ಮೊದಲು ‘ಸೈ. 20’ ಎಂದು ಬರೆದುಕೊಂಡು, ಆಮೇಲೆ ಬೇಳೆ, ಬೆಲ್ಲಕ್ಕೆ ಬರುತ್ತಿದ್ದಳು. ‘ಸೈ’ ಅಂದರೇನೆಂದು ನಾನು ಕೇಳಿದ್ದಕ್ಕೆ ‘ಅಪ್ಪಯ್ಯನ ಕಾಲು’ ಅಂದಿದ್ದಳು.

ಮಳೆಗಾಲದಲ್ಲಿ ನೀನು ಇಕ್ಕೇರಿ ಕಡೆಯ ಬಟವಾಡೆ ಮುಗಿಸಿ ಬಂದರೆ ಪ್ಯಾಂಟು ಮಂಡಿಯವರೆಗೆ ಕೆಂಪು ಕೆಸರು. ಚೀಲ ಮಾತ್ರ ಒಣಗಿರುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆಯನ್ನು ನೀನು ಚೀಲಕ್ಕೆ ಹೊದಿಸಿ, ತಲೆಗೆ ಬರೀ ಟೋಪಿ ಹಾಕಿಕೊಂಡು ಬರುತ್ತಿದ್ದೆ. ಊಟಕ್ಕೆ ಮೊದಲು ಜಗಲಿಯಲ್ಲಿ ಸೈಕಲ್ಲನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಹಳೇ ಬನಿಯನ್ ತುಂಡಿನಲ್ಲಿ ಚೈನನ್ನು ಹಿಡಿದು, ಇನ್ನೊಂದು ಕೈಯಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಿದ್ದೆ. ಟಿಕ್ ಟಿಕ್ ಎಂದು ಆ ಫ್ರೀವೀಲಿನ ಸದ್ದು. ಈಗ ನಾನೂ ಅದನ್ನೇ ಮಾಡುತ್ತೇನೆ, ಬಟ್ಟೆಯೂ ಹಳೇ ಬನಿಯನ್ನೇ. ಈ ಊರಿನ ಮಳೆ ನಮ್ಮ ಸಾಗರದ ಮಳೆಯ ಹಾಗೆ ಹೊಡೆಯುವುದಿಲ್ಲ. ಸಣ್ಣಗೆ ಹಿಡಿದರೆ ಬಿಡುವುದೇ ಇಲ್ಲ. ಚೈನಿಗೆ ತುಕ್ಕು ಬರಲು ಅಷ್ಟು ಸಾಕು.

ದಾರಿಯ ವಿಷಯ ನೀನು ಕೇಳಿಯೇ ಕೇಳುತ್ತೀಯ, ಲಾರಿ ಬಸ್ಸಿನ ಮಧ್ಯೆ ಹೋಗಬೇಕಾ ಅಂತ. ಬಹುಪಾಲು ಬೇಡ. ಬ್ರಿಸ್ಟಲ್‌ನಿಂದ ಬಾತ್ ಊರಿಗೆ ಒಂದು ರೈಲು ಹಾದಿ ಇತ್ತು. 1966ರಲ್ಲಿ ಅದರ ಪ್ರಯಾಣಿಕರ ರೈಲು ನಿಂತಿತು. ಆಮೇಲೆ ಊರಿನ ಸೈಕಲ್ ಪ್ರೇಮಿಗಳೇ ಸೇರಿ, 1979ರಿಂದ 1986ರವರೆಗೆ, ಸ್ವಲ್ಪ ಸ್ವಲ್ಪವಾಗಿ ಅದನ್ನು ಸೈಕಲ್ ದಾರಿ ಮಾಡಿದರು. ಹದಿಮೂರು ಮೈಲಿ. ರೈಲಿಗೆಂದು ಹಾಕಿದ ದಾರಿಯಾದ್ದರಿಂದ ದಿಬ್ಬಗಳ ಈ ಊರಿನಲ್ಲೂ ಏರು ತೀರಾ ಕಡಿಮೆ. ನಾನು ಸ್ಟೇಪಲ್ ಹಿಲ್ ಹತ್ತಿರ ಅದಕ್ಕೆ ಸೇರಿಕೊಳ್ಳುತ್ತೇನೆ. ಅಲ್ಲೊಂದು ಸುರಂಗ. ಒಳಗೆ ದೀಪವಿದೆ, ಮೇಲಿನಿಂದ ತಟತಟ ನೀರು ತೊಟ್ಟಿಕ್ಕುತ್ತದೆ, ಎದುರಿನವರ ಬೆಲ್ಲು ಅವರಿಗಿಂತ ಮೊದಲೇ ಬಂದು ಮುಟ್ಟುತ್ತದೆ. ಆಚೆ ತುದಿಯ ಬೆಳಕು ನಾಣ್ಯದಷ್ಟು ಇದ್ದದ್ದು ಬರಬರುತ್ತಾ ತಟ್ಟೆಯಷ್ಟಾಗುತ್ತದೆ. ಈ ತಿಂಗಳು ಸಂಜೆ ನಾಲ್ಕೂವರೆಗೇ ಕತ್ತಲಾಗತೊಡಗುತ್ತದೆ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದೆ ಕತ್ತಲಲ್ಲಿ ರಸ್ತೆಗೆ ಇಳಿಯುವಂತಿಲ್ಲ, ಕಾನೂನು. ನಿನ್ನ ಡೈನಮೊ ಏರಿನಲ್ಲಿ ಮಂಕಾಗಿ ಇಳಿಜಾರಿನಲ್ಲಿ ಉರಿಯುತ್ತಿತ್ತು. ಇದು ಹಾಗಲ್ಲ, ಒಂದೇ ಸಮ ಉರಿಯುತ್ತದೆ.

ಈಗ, ಇದನ್ನು ಬರೆಯಲು ಕೂತ ಇನ್ನೊಂದು ಕಾರಣ.

ನಾನು ಕೆಲಸ ಮಾಡುವ ಲ್ಯಾಬಿನ ಮಹಡಿಯನ್ನು ಗುಡಿಸಿ ಒರೆಸುವವರೊಬ್ಬರಿದ್ದಾರೆ, ಸೊಮಾಲಿಯಾದವರು. ನನಗಿಂತ ಹತ್ತು ವರ್ಷ ದೊಡ್ಡವರು. ಬೆಳಿಗ್ಗೆ ಐದಕ್ಕೆ ಅವರ ಕೆಲಸ ಶುರು. ಆ ಹೊತ್ತಿಗೆ ಅವರ ಬೀದಿಗೆ ಬಸ್ಸಿಲ್ಲ, ಐವತ್ತು ನಿಮಿಷ ನಡೆದು ಬರುತ್ತಾರೆ. ನನ್ನ ಸೈಕಲ್ಲಿನ ಸೀಟನ್ನು ಒತ್ತಿ ನೋಡಿ, ನನಗೂ ಕೊಡುತ್ತಾರಾ ಎಂದು ಕೇಳಿದರು. ಖುಷಿಯಿಂದ ಅವರ ಜೊತೆ ಕೂತು ಅರ್ಜಿ ತೆರೆದೆ. ಮೊದಲ ಪುಟದಲ್ಲೇ ನಿಂತುಹೋಯಿತು. ಕಂತು ಕಳೆದ ಮೇಲೆ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗಿಳಿಯಬಾರದು ಎಂಬ ನಿಯಮ ಇದೆ. 2025ರ ಏಪ್ರಿಲಿನಿಂದ ಅದು ಗಂಟೆಗೆ 12 ಪೌಂಡು 21 ಪೆನ್ಸು. ಅವರ ಸಂಬಳ ಅಷ್ಟೇ ಇದೆ, ಒಂದು ಪೆನ್ನಿ ಹೆಚ್ಚಿಲ್ಲ. ಆ ನಿಯಮ ಇರುವುದು ಬಡವರ ಕೂಲಿಗೆ ಯಾರೂ ಕೈ ಹಾಕದಿರಲಿ ಎಂದೇ, ಅದನ್ನು ತಪ್ಪೆನ್ನಲಾರೆ. ಆದರೆ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವ ದೊಡ್ಡ ಡಾಕ್ಟರಿಗೆ ಅದೇ ಸೈಕಲ್ಲಿನ ಮೇಲೆ ಶೇಕಡ 42 ಉಳಿಯುತ್ತದೆ, ಅವರ ಜೇಬಿನಿಂದ ತಿಂಗಳಿಗೆ ಹೋಗುವುದು 46 ಪೌಂಡು 40 ಪೆನ್ಸು. ನನ್ನದು 57 ಪೌಂಡು 60. ನಡೆದು ಬರುವವರಿಗೆ ಅಂಗಡಿಯ ಪೂರ್ತಿ ಬೆಲೆ. ತೆರಿಗೆಯಲ್ಲಿ ಕೊಡುವ ರಿಯಾಯಿತಿ ಹೆಚ್ಚು ತೆರಿಗೆ ಕಟ್ಟುವವರಿಗೇ ಹೆಚ್ಚು ಸಿಗುತ್ತದೆ, ಅದರ ಕಟ್ಟೋಣವೇ ಹಾಗೆ.

ನಿನ್ನ ಅಡ್ವಾನ್ಸು ಹಾಗಿರಲಿಲ್ಲ ಅಪ್ಪಯ್ಯ. ಇಂತಿಷ್ಟಕ್ಕಿಂತ ಕಡಿಮೆ ಮೂಲ ವೇತನ ಇದ್ದವರಿಗೆ ಮಾತ್ರ ಅದು ಸಿಗುತ್ತಿತ್ತು. ಬಡ್ಡಿ ಹಾಕಿದರು, ನಿಜ. ಆದರೆ ಸೈಕಲ್ಲು ಯಾರಿಗೆ ಬೇಕು ಎಂದು ತಿಳಿದವರು ಮಾಡಿದ ನಿಯಮ ಅದು. ಆಗ ನನಗೆ ಬರೀ ಚೀಟಿಯ ಮೂಲೆಯ ‘ಸೈ. 20’ ಕಾಣುತ್ತಿತ್ತು. ಈ ಅರ್ಜಿಯ ಮುಂದೆ ಕೂತ ದಿನ ಅದರ ಬೆಲೆ ತಿಳಿಯಿತು.

ಆ ನಡೆದು ಬರುವವರು ಅರ್ಜಿಯ ಕಿಟಕಿ ಮುಚ್ಚುವಾಗ ಬೇಜಾರು ತೋರಿಸಲಿಲ್ಲ. ನಿನಗಾದರೂ ಸಿಕ್ಕಿತಲ್ಲ, ಬೀಗ ಸರಿಯಾಗಿ ಹಾಕು ಅಂದರು. ನನಗೆ ಆ ದಿನ ಸುರಂಗದ ಉದ್ದಕ್ಕೂ ಅದೇ ಮಾತು.

ನನಗೆ ತೆರಿಗೆಯಲ್ಲಿ ಉಳಿಯುವ ದುಡ್ಡು, ಅವರು ಕೂಡಿಟ್ಟದ್ದು ಸ್ವಲ್ಪ, ಎರಡೂ ಸೇರಿಸಿ ಅವರಿಗೊಂದು ಹಳೇ ಸೈಕಲ್ಲು ನೋಡುತ್ತಿದ್ದೇವೆ. ಸುಮ್ಮನೆ ಕೊಡುತ್ತೇನೆ ಎಂದರೆ ಒಪ್ಪಲಿಲ್ಲ, ತಿಂಗಳಿಗೆ ಹತ್ತು ಪೌಂಡಿನ ಹಾಗೆ ವಾಪಸು ಕೊಡುತ್ತಾರಂತೆ. ಬಡ್ಡಿ ಎಷ್ಟು ಎಂದೂ ಕೇಳಿದರು. ಡಿಸೆಂಬರಿನ ಕೊನೆಯಲ್ಲಿ ಇಬ್ಬರಿಗೂ ರಜೆ, ಆಗ ಅಂಗಡಿಗೆ ಹೋಗುವುದು. ಹೊಸ ಸೈಕಲ್ಲಾದರೆ ಅಂಗಡಿಯವನು ಹೇಳಿದ್ದು ನಂಬಬಹುದು. ಹಳೇದರಲ್ಲಿ ಮೊದಲು ಏನು ನೋಡಬೇಕು? ಹಿಂದೊಮ್ಮೆ ಹಳೇ ಸೈಕಲ್ಲು ಕೊಳ್ಳುವಾಗ ನೀನು ಮುಂದಿನ ಚಕ್ರ ಎತ್ತಿ ತಿರುಗಿಸಿ, ಒಂದು ಕಣ್ಣು ಮುಚ್ಚಿ ಏನನ್ನೋ ನೋಡಿದ್ದೆ, ಆಮೇಲೆ ಹ್ಯಾಂಡಲ್ ಬುಡ ಹಿಡಿದು ಅಲ್ಲಾಡಿಸಿದ್ದೆ. ಅದೆಲ್ಲ ಯಾಕೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಫೋನಿನಲ್ಲಿ ಹೇಳಬೇಡ, ಮತ್ತೆ ಲೈನು ಕಡಿಯುತ್ತದೆ. ಒಂದು ಕಾಗದದಲ್ಲಿ ಬರೆದು ಹಾಕು. ರಿಮ್ಮು, ಫೋರ್ಕು, ಎಲ್ಲೆಲ್ಲಿ ಕೈ ಇಡಬೇಕೋ ಅಲ್ಲಿ ಚಿತ್ರವನ್ನೂ ಬಿಡಿಸು. ಅಂಗಡಿಗೆ ಅದನ್ನೇ ಹಿಡಿದುಕೊಂಡು ಹೋಗುತ್ತೇನೆ.

ಇಂತಿ ನಿನ್ನ
ಮಗಳು