ನೆಲದಡಿಯ ಹಕ್ಕು ಮತ್ತು ಕೊಳ್ಳುವವನ ಧರ್ಮ

ತೂಕದಲ್ಲಿ ಮೋಸವಿರಬಾರದು, ಸರಕಿನಲ್ಲಿ ಕಲಬೆರಕೆಯಿರಬಾರದು ಎಂಬುದನ್ನು ವರ್ತಕರ ಮಕ್ಕಳು ಅಂಗಡಿಯಲ್ಲಿ ಕುಳಿತೇ ಕಲಿಯುತ್ತಾರೆ. ಇವೆಲ್ಲವೂ ಮಾರುವವನಿಗೆ ವಿಧಿಸಿದ ನಿಯಮಗಳು. ಕೊಳ್ಳುವವನಿಗೂ ಒಂದು ಧರ್ಮವುಂಟೇ? ವಸ್ತುವಿನ ನಿಜವಾದ ಬೆಲೆ ಕೊಳ್ಳುವವನಿಗೆ ಮಾತ್ರ ತಿಳಿದಿದ್ದಾಗ ಅವನ ಕರ್ತವ್ಯವೇನು? ಈ ಪ್ರಶ್ನೆಯ ವಿಚಾರಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನೈಸರ್ಗಿಕ ಅನಿಲದ ವ್ಯವಹಾರವು ತಕ್ಕ ನಿದರ್ಶನವಾಗಿದೆ.

ಬಹುತೇಕ ದೇಶಗಳಲ್ಲಿ ನೆಲದಡಿಯ ತೈಲ ಮತ್ತು ಅನಿಲ ಸರ್ಕಾರದ ಸ್ವತ್ತು. ಅಮೆರಿಕದಲ್ಲಿ ಅವು ಖಾಸಗಿಯವರ ಒಡೆತನದಲ್ಲಿಯೂ ಇರಬಹುದು. ಹೊಲ ಒಬ್ಬನದಾಗಿ, ಅದರಡಿಯ ಸಂಪತ್ತು ಮತ್ತೊಬ್ಬನದಾಗಿರುವುದೂ ಉಂಟು. ಕ್ರಯಪತ್ರದ ಪದಗಳೂ ಸರಳವಲ್ಲ. ಪತ್ರದಲ್ಲಿ ‘ಖನಿಜ’ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ತೈಲ ಸೇರದೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1882ರಲ್ಲಿ ತೀರ್ಪಿತ್ತಿತು. 2013ರಲ್ಲಿ ಅದೇ ನಿಯಮವನ್ನು ಶಿಲೆಯೊಳಗಿನ ಅನಿಲಕ್ಕೂ ಅನ್ವಯಿಸಿತು.

ಅಲ್ಲಿನ ಮಾರ್ಸೆಲಸ್ ಎಂಬ ಶಿಲಾಪದರದಲ್ಲಿ ಅನಿಲವಿರುವುದು ಹಿಂದಿನಿಂದಲೂ ತಿಳಿದಿತ್ತು, ತೆಗೆಯುವುದು ಲಾಭಕರವಾಗಿರಲಿಲ್ಲ. 2004ರಲ್ಲಿ ವಾಷಿಂಗ್ಟನ್ ಕೌಂಟಿಯ ಒಂದು ಬಾವಿಯಲ್ಲಿ ನೀರು ಮತ್ತು ಮರಳನ್ನು ಅಧಿಕ ಒತ್ತಡದಿಂದ ನುಗ್ಗಿಸಿ ಶಿಲೆಯನ್ನು ಬಿರಿಯಿಸಿದಾಗ ಫಲ ದೊರೆಯಿತು. ಬಳಿಕ ಕಂಪನಿಗಳ ಪ್ರತಿನಿಧಿಗಳು ಗುತ್ತಿಗೆ ಪತ್ರ ಹಿಡಿದು ಹೈನುಗಾರ ರೈತರ ಮನೆಬಾಗಿಲಿಗೆ ಬಂದರು. 2006ರ ಸುಮಾರಿಗೆ ಡಿಮಾಕ್ ಎಂಬ ಊರಿನಲ್ಲಿ ಎಕರೆಗೆ 25 ಡಾಲರ್‌ಗೂ ಸಹಿ ಬಿದ್ದಿತು. ಆ ಪದರದ ಅನಿಲ ಅಪಾರವೆಂದು 2008ರಲ್ಲಿ ಭೂವಿಜ್ಞಾನಿಗಳಾದ ಟೆರ್ರಿ ಎಂಗಲ್ಡರ್ ಮತ್ತು ಗ್ಯಾರಿ ಲ್ಯಾಷ್ ಅಂದಾಜು ಪ್ರಕಟಿಸಿದ ಮೇಲೆ ಬೆಲೆ ಸಾವಿರಾರು ಡಾಲರ್‌ಗೆ ಏರಿತು. ತಡೆದು, ನೆರೆಹೊರೆಯವರೊಡನೆ ಕೂಡಿ, ವಕೀಲರನ್ನಿಟ್ಟು ಮಾತನಾಡಿದವರು ಲಾಭ ಪಡೆದರು. ಮೊದಲೇ ಸಹಿ ಮಾಡಿದವರು ಪತ್ರಕ್ಕೆ ಬದ್ಧರಾಗಿ ಉಳಿದರು.

ಕೊಳ್ಳುವವನ ಪಕ್ಷದಲ್ಲಿಯೂ ನ್ಯಾಯವುಂಟು. ಶೋಧನೆಗೆ ಹಣ ಸುರಿದವನು ಅವನು. ಬಾವಿ ಬರಿದಾದರೆ ನಷ್ಟವೂ ಅವನದೇ. ಶ್ರಮದಿಂದ ಗಳಿಸಿದ ತಿಳಿವಳಿಕೆಯನ್ನೆಲ್ಲ ಮೊದಲೇ ಸಾರಬೇಕೆಂದರೆ ಶೋಧಿಸುವವರೇ ಇರಲಾರರು. ಆದರೆ ಮೌನ ಬೇರೆ, ವಂಚನೆ ಬೇರೆ. ಕೇಳಿದ ಪ್ರಶ್ನೆಗೆ ಸುಳ್ಳುತ್ತರ ಕೊಡುವುದು, ಇಂದೇ ಸಹಿ ಮಾಡಿರೆಂದು ಅವಸರಿಸುವುದು, ಪತ್ರವನ್ನು ತಿಳಿದವರಿಗೆ ತೋರಿಸಲು ಅವಕಾಶವೀಯದಿರುವುದು, ಇವು ಅನಿಲದ ಬದಲು ಅಜ್ಞಾನವನ್ನೇ ಕೊಳ್ಳುವ ಬಗೆಗಳು.

ಮೌಲ್ಯ ಇಬ್ಬರಿಗೂ ಸಮನಾಗಿ ತಿಳಿಯದಿರುವಲ್ಲಿ ಇಡಿಗಂಟು ಕೊಟ್ಟು ಹಕ್ಕನ್ನು ಸಂಪೂರ್ಣವಾಗಿ ಕೊಳ್ಳುವುದಕ್ಕಿಂತ ಉತ್ಪತ್ತಿಯಲ್ಲಿ ಪಾಲು ಕೊಡುವುದು ಹೆಚ್ಚು ನ್ಯಾಯಸಮ್ಮತ. ಬಾವಿ ಫಲಿಸಿದರೆ ಇಬ್ಬರೂ ಉಣ್ಣುವರು. ಪೆನ್ಸಿಲ್ವೇನಿಯಾದ 1979ರ ಕಾಯಿದೆ ಭೂಮಾಲೀಕನಿಗೆ ಕನಿಷ್ಠ ಎಂಟನೆಯ ಒಂದು ಪಾಲನ್ನು ವಿಧಿಸಿದೆ. ಆದರೆ ಅನಿಲವನ್ನು ಶುದ್ಧಗೊಳಿಸಿ ಮಾರುಕಟ್ಟೆಗೆ ಸಾಗಿಸುವ ಖರ್ಚನ್ನು ಕಳೆದು ಆ ಪಾಲನ್ನು ಎಣಿಸಬಹುದೆಂದು 2010ರಲ್ಲಿ ನ್ಯಾಯಾಲಯ ಹೇಳಿತು. ಒಟ್ಟು ಮೊತ್ತಕ್ಕೂ ನಿವ್ವಳಕ್ಕೂ ಇರುವ ಅಂತರವನ್ನು ಲೆಕ್ಕಿಗರು ಬಲ್ಲರು. ಹಸು ಕರೆಯುವ ರೈತ ಬಲ್ಲನೇ? ಪಾಲಿನ ಮಾತಾಡುವವನು ಕಳೆಯುವ ಬಾಬತ್ತುಗಳನ್ನೂ ಸಹಿಗೆ ಮುನ್ನವೇ ತಿಳಿಸಬೇಕು.

ಕಾಯಿದೆ ಒಪ್ಪಿದ ವ್ಯವಹಾರವೆಲ್ಲ ಧರ್ಮ್ಯವೆನಿಸದು. ಮಾರಿದವನು ಮುಂದೊಂದು ದಿನ ಸಕಲವನ್ನೂ ತಿಳಿದು ಬಂದು ನಿಂತಾಗ, ಅವನೆದುರು ಲೆಕ್ಕದ ಪುಸ್ತಕವನ್ನು ಅಳುಕಿಲ್ಲದೆ ಬಿಚ್ಚಿಡಬಲ್ಲವನ ಕೊಳ್ಳುವಿಕೆಯೇ ಶುದ್ಧವಾದುದು.